ನೀರು ಯಾವ ದಿನ ಬರುತ್ತೆ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದರಲ್ಲಿ ನಾನು ಸಾಕಷ್ಟು ಪಳಗಿದ್ದೇನೆ. ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಪ್ರಶ್ನೆಗಳೆಲ್ಲ ನನಗೆ ಬಾಯಿಪಾಠ. ಫ್ಯಾಮಿಲಿನಾ, ಬ್ಯಾಚುಲರಾ? ವೆಜ್ಜಾ, ನಾನ್‌ವೆಜ್ಜಾ? ಎಲ್ಲಿ ಕೆಲಸ? ಯಾವ ಊರಿನೋರು? (ಯಾವ ಊರು ಅಂತ ಕೇಳುವವರಿಗೆ ನಿಜಕ್ಕೂ ಬೇಕಾಗಿರುವುದು ಊರಿನ ಹೆಸರಲ್ಲ. ಅದು ಇಬ್ಬರಿಗೂ ಗೊತ್ತು.) ಎಲ್ಲಕ್ಕೂ ಉತ್ತರ ಕೊಟ್ಟಾದ ಮೇಲೆ ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ನೀರು ಯಾವ ದಿನ ಬರುತ್ತೆ?

ಬಾಡಿಗೆ, ಅಡ್ವಾನ್ಸು, ಪಾರ್ಕಿಂಗ್ ಎಲ್ಲ ಆಮೇಲೆ. "ನೀರಿನ ಪ್ರಾಬ್ಲಮ್ಮೇ ಇಲ್ಲ ಸಾರ್, ಇಪ್ಪತ್ನಾಲ್ಕು ಗಂಟೆ ನೀರು" ಅಂದರೆ ನನಗೆ ಅನುಮಾನ ಶುರುವಾಗುತ್ತದೆ. ಹಾಗಂದರೆ ಬೋರ್‌ವೆಲ್ ಇರಬೇಕು, ಇಲ್ಲವೇ ಟ್ಯಾಂಕರ್ ತರಿಸುತ್ತಿರಬೇಕು. ಕಾವೇರಿ ನೀರು ಬರುವ ಮನೆಯವರು ಹಾಗೆ ಹೇಳುವುದೇ ಇಲ್ಲ. "ಸೋಮವಾರ, ಗುರುವಾರ, ಬೆಳಗಿನ ಜಾವ" ಅಂತ ವಾರ, ಹೊತ್ತು ಸಮೇತ ಹೇಳುತ್ತಾರೆ. ಆ ಮಾತನ್ನು ನಂಬಬಹುದು.

ನಾನು ಚಳ್ಳಕೆರೆ ಕಡೆಯವನು. ರಾಜ್ಯದಲ್ಲಿ ಮಳೆ ತೀರಾ ಕಡಿಮೆ ಬೀಳುವ ಜಾಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ ವರ್ಷಕ್ಕೆ 900 ಮಿ.ಮೀ.ಗಿಂತ ಜಾಸ್ತಿ ಮಳೆಯಾಗುತ್ತದೆ. ನಮ್ಮಲ್ಲಿ ಅದರ ಅರ್ಧ ಬಿದ್ದರೂ ಒಳ್ಳೆ ವರ್ಷ ಅನ್ನುತ್ತೇವೆ. ಮನೆಯಲ್ಲಿ ನೀರಿಗೂ ಜಾತಿ ಇತ್ತು. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಬಳಸುವ ನೀರಿನ ಚೊಂಬು ಕುಡಿಯುವ ನೀರಿನ ಕೊಡಕ್ಕೆ ತಾಗಿದರೆ ಸಾಕು, ಅಜ್ಜಿ ಬೈಯುತ್ತಿದ್ದಳು. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು. ನನ್ನ ಓರಗೆಯ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಗೆರೆ ಇದೆ, ನಕ್ಕರೆ ಸಾಕು ಯಾವ ಕಡೆಯವರು ಅಂತ ಗೊತ್ತಾಗುತ್ತದೆ. ಅಂಥ ಊರಿನವರಿಗೆ ಬೆಂಗಳೂರು ಅಂದರೆ ವಿಧಾನಸೌಧವೂ ಅಲ್ಲ, ಲಾಲ್‌ಬಾಗೂ ಅಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವ ಊರು, ಅಷ್ಟೇ.

ಬಂದ ಹೊಸದರಲ್ಲಿ ಹನುಮಂತನಗರದ ಹತ್ತಿರ ಒಂದು ಮನೆಯ ತಾರಸಿ ಮೇಲಿನ ಶೀಟ್ ರೂಮಿನಲ್ಲಿದ್ದೆ. ಬೇಸಿಗೆಯಲ್ಲಿ ಒಳಗೆ ಕೂರುವ ಹಾಗಿಲ್ಲ, ಮಳೆಗಾಲದಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ, ಶೀಟಿನ ಮೇಲೆ ಅಷ್ಟು ಸದ್ದು. ಆದರೆ ಬಾಗಿಲು ತೆಗೆದರೆ ಎದುರಿಗೇ ಇಡೀ ಬಿಲ್ಡಿಂಗಿನ ಕಪ್ಪು ಸಿಂಟೆಕ್ಸ್ ಟ್ಯಾಂಕು. ಹೀಗಾಗಿ ಕೇಳದೆಯೇ ನನಗೊಂದು ಕೆಲಸ ಬಂತು. ಮೋಟರ್ ಹಾಕಿದಾಗ ಟ್ಯಾಂಕು ತುಂಬಿತಾ ಅಂತ ನೋಡಿ ಕೆಳಗೆ ಕೂಗಿ ಹೇಳುವುದು.

ಆ ಮನೆಯಲ್ಲಿ ನಿಜವಾದ ಯಜಮಾನಿಕೆ ಓನರ್‌ದಲ್ಲ, ಅವರ ತಾಯಿಯದು. ಎಂಬತ್ತರ ಹತ್ತಿರದ ವಯಸ್ಸು. ಅವರ ಮಂಚ ಇದ್ದದ್ದು ಬೀದಿ ಕಡೆಯ ಕಿಟಕಿಯ ಪಕ್ಕ, ಕಿಟಕಿಯ ಕೆಳಗೆ ಸಂಪು. ನೀರು ಬರುವ ಮೊದಲು ಪೈಪಿನಲ್ಲಿ ಗಾಳಿ ಬರುತ್ತದೆ, ಗೊತ್ತಲ್ವಾ? ಉಸ್ ಅಂತ ಶುರುವಾಗಿ, ನಡುನಡುವೆ ಕೆಮ್ಮಿ, ಆಮೇಲೆ ಕೆಂಪಗಿನ ನೀರು ಸ್ವಲ್ಪ ಉಗಿದು, ಆಮೇಲೆ ಸರಿಯಾದ ನೀರು. ಆ ಉಸ್ ಅನ್ನುವ ಸದ್ದಿಗೆ ಅಜ್ಜಿ ಎದ್ದು ಕೂರುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ, ಕೆಲವು ಸಲ ಇನ್ನೂ ಮುಂಚೆ. "ಗಾಳಿ ಬಂತು, ಏಳ್ರೋ" ಅಂತ ಒಂದು ಕೂಗು. ಹಬ್ಬದ ಹಿಂದಿನ ದಿನ ನೀರು ಬರದಿದ್ದರೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅವರಿಂದಲೇ ನಾನು ಸಂಪು ನೋಡುವುದನ್ನು ಕಲಿತದ್ದು. ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗಿನ ಗೋಡೆಯ ಮೇಲೆ ಒಂದರ ಕೆಳಗೊಂದು ಗೆರೆಗಳು ಕಾಣುತ್ತವೆ. ನೀರು ಎಲ್ಲೆಲ್ಲಿ ನಿಂತಿತ್ತು ಅನ್ನುವುದರ ಗುರುತು ಅದು. ಮೇಲಿನ ಗೆರೆ ಗಟ್ಟಿಯಾಗಿದ್ದರೆ ಸಂಪು ಸಾಮಾನ್ಯವಾಗಿ ತುಂಬಿರುತ್ತದೆ. ಕೆಳಗಿನ ಗೆರೆ ಮಾತ್ರ ಢಾಳಾಗಿ ಕಾಣುತ್ತಿದ್ದರೆ ಆ ಮನೆಯಲ್ಲಿ ಬಕೆಟ್ ಮುಳುಗುವಷ್ಟು ನೀರು ನಿಲ್ಲುವುದೇ ಅಪರೂಪ. ಈಗಲೂ ಹೊಸ ಮನೆ ನೋಡಲು ಹೋದರೆ ಓನರ್ ಕಿಚನ್ನಿನ ಗ್ರಾನೈಟ್ ತೋರಿಸುತ್ತಿರುವಾಗ ನಾನು ಸಂಪಿನ ಮುಚ್ಚಳ ಹುಡುಕುತ್ತಿರುತ್ತೇನೆ.

ಬರೆಯುವ ಹೊತ್ತು ಯಾವುದು ಅಂತ ಯಾರಾದರೂ ಕೇಳಿದರೆ ಬೆಳಗಿನ ಜಾವ ಅನ್ನುತ್ತೇನೆ. ಕೇಳಿದವರಿಗೆ ಅದು ದೊಡ್ಡ ಶಿಸ್ತಿನ ಹಾಗೆ ಕಾಣುತ್ತದೆ. ಶಿಸ್ತೂ ಇಲ್ಲ, ಏನೂ ಇಲ್ಲ. ಅಜ್ಜಿ ಕೂಗಿದ ಮೇಲೆ ಮೋಟರ್ ಹಾಕಿ, ಟ್ಯಾಂಕು ತುಂಬುವ ತನಕ ಮಲಗುವ ಹಾಗಿರಲಿಲ್ಲ. ಮಲಗಿದರೆ ನೀರು ಉಕ್ಕಿ ತಾರಸಿಯಿಂದ ಬೀದಿಗೆ ಸುರಿದು ಇಡೀ ಗಲ್ಲಿಯ ಬೈಗುಳ. ಅದಕ್ಕೇ ಟೇಬಲ್ಲನ್ನು ಬಾಗಿಲ ಹತ್ತಿರ ಎಳೆದುಕೊಂಡು ಕೂರುತ್ತಿದ್ದೆ. ಟ್ಯಾಂಕು ತುಂಬುವಷ್ಟರಲ್ಲಿ ಒಂದೂವರೆ ಪುಟ ಆಗುತ್ತಿತ್ತು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ, ನೀರಿನ ಸದ್ದು ಇಲ್ಲದಿದ್ದರೂ ಆ ಹೊತ್ತಿಗೆ ಎಚ್ಚರವಾಗುತ್ತದೆ.

ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಬ್ಬರೇ ಮನುಷ್ಯ ಅಂದರೆ ವಾಲ್ವ್‌ಮ್ಯಾನ್. ಕಾರ್ಪೊರೇಟರ್ ಮುಖ ಮರೆತವರಿದ್ದರು, ಇವರ ಮುಖ ಮರೆತವರಿರಲಿಲ್ಲ. ಟಿವಿಎಸ್‌ನಲ್ಲಿ ಬರುತ್ತಿದ್ದರು, ಕಾಲ ಬಳಿ ಅಡ್ಡಕ್ಕೆ ಮಲಗಿಸಿದ ಉದ್ದನೆಯ ಕಬ್ಬಿಣದ ಸಲಾಕೆ. ರಸ್ತೆ ನಡುವಿನ ಸಣ್ಣ ಮುಚ್ಚಳ ಎತ್ತಿ, ಎದೆಯೆತ್ತರದ ಆ ಸಲಾಕೆಯನ್ನು ಒಳಗಿಳಿಸಿ, ಮೇಲಿನ ಅಡ್ಡಪಟ್ಟಿ ಹಿಡಿದು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದರು. ಎಷ್ಟು ಸುತ್ತು ಅನ್ನುವುದು ಅವರ ಕೈಗೇ ಗೊತ್ತು. ಅರ್ಧ ಸುತ್ತು ಕಡಿಮೆಯಾದರೆ ದಿಬ್ಬದ ಮೇಲಿನ ಮನೆಗಳಿಗೆ ನೀರು ಏರುವುದಿಲ್ಲ, ಜಾಸ್ತಿಯಾದರೆ ತಗ್ಗಿನ ಮನೆಗಳ ಸಂಪು ಉಕ್ಕುತ್ತದೆ. ಅವರ ತಲೆಯಲ್ಲಿದ್ದ ನಕ್ಷೆ ಯಾವ ಕಾಗದದ ಮೇಲೂ ಇದ್ದಂತಿರಲಿಲ್ಲ. ಒಂದು ಸಲ ಅವರು ರಜೆ ಹಾಕಿ ಬೇರೆಯವರು ಬಂದಾಗ ನಮ್ಮ ಗಲ್ಲಿಯಲ್ಲಿ ಆದ ಗಲಾಟೆ ನೋಡಬೇಕಿತ್ತು.

ಬೆಂಗಳೂರು ಸಪಾಟಾದ ಊರು ಅನ್ನುವ ನಂಬಿಕೆ ಹೋದದ್ದೂ ಅಲ್ಲಿಯೇ. ಸ್ಕೂಟರಿನಲ್ಲಿ ಓಡಾಡಿದರೆ ಇದು ಗೊತ್ತಾಗುವುದಿಲ್ಲ. ಸೈಕಲ್ ತುಳಿದು ನೋಡಿ, ತೊಡೆಗೆ ಗೊತ್ತಾಗುತ್ತದೆ. ಊರಿನ ನಡುವೆ ಉತ್ತರ ದಕ್ಷಿಣವಾಗಿ ಒಂದು ದಿಬ್ಬ ಇದೆ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಕಾಲ ಬುಡದಲ್ಲಿ ಹುಟ್ಟುತ್ತದೆ ಅನ್ನುವ ವೃಷಭಾವತಿಯನ್ನು ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ದಿನಾ ದಾಟುತ್ತಿದ್ದೆ. ನದಿ ಅಂತ ಯಾರೂ ಅನ್ನುತ್ತಿರಲಿಲ್ಲ. ಮೋರಿ ಬಂತು, ಕಿಟಕಿ ಹಾಕಿ, ಅಷ್ಟೇ. ನಾವು ಹನುಮಂತನಗರದಲ್ಲಿ ಅಷ್ಟು ಜತನದಿಂದ ಹಿಡಿದಿಟ್ಟ ಕಾವೇರಿ ನೀರು ಬಚ್ಚಲಿಂದ ಇಳಿದು, ಇದೇ ಮೋರಿಯಲ್ಲಿ ಹರಿದು, ಮತ್ತೆ ಕಾವೇರಿಗೇ ಹೋಗಿ ಸೇರುತ್ತಿತ್ತು. ಯಾವ ಬಣ್ಣದಲ್ಲಿ ಸೇರುತ್ತಿತ್ತು ಅನ್ನುವುದನ್ನು ಕನಕಪುರ, ರಾಮನಗರ ಕಡೆಯವರನ್ನು ಕೇಳಬೇಕು.

ಆ ನೀರು ಬರುವ ದಾರಿಯೇನೂ ಸಣ್ಣದಲ್ಲ. ಕನಕಪುರ ರಸ್ತೆಯಲ್ಲಿ ಹೋದವರು ನೋಡಿರುತ್ತೀರಿ, ಪಕ್ಕದಲ್ಲೇ ಮನುಷ್ಯ ಬಗ್ಗಿ ನಡೆದು ಹೋಗುವಷ್ಟು ದಪ್ಪದ ಕೊಳವೆಗಳು ಮೈಲಿಗಟ್ಟಲೆ ಜೊತೆಗೇ ಬರುತ್ತವೆ. ಶಿವನಸಮುದ್ರದ ಹತ್ತಿರ ಕಾವೇರಿಯಿಂದ ತೆಗೆದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗುತ್ತದೆ. ಅಲ್ಲಿಂದ ಒಂದು ಸಲ ಪಂಪು, ಹಾರೋಹಳ್ಳಿಯಲ್ಲಿ ಇನ್ನೊಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ. ಹೀಗೆ ಸುಮಾರು 100 ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರ ಏರಿಕೊಂಡು, ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಊರಿಗೆ ಬರುತ್ತದೆ. 1974ರಲ್ಲಿ ಮೊದಲ ಹಂತ ಶುರುವಾಯಿತು. ಐದನೇ ಹಂತ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್, ಊರಂಚಿನ 110 ಹಳ್ಳಿಗಳಿಗೆ ಅಂತ. ಅದಕ್ಕೂ ಮೊದಲು ಅರ್ಕಾವತಿ ಇತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ತಂದರು, ಅದು ಸಾಲದೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟಿದರು. ಅದೂ ಸಾಲದೆ ಕಾವೇರಿ. ಪ್ರತಿ ಸಲವೂ ಊರು ತನ್ನ ಬುಡದ ನೀರು ಬಿಟ್ಟು ಇನ್ನಷ್ಟು ದೂರ ಕೈ ಚಾಚಿದೆ.

ಬುಡದ ನೀರು ಇರಲಿಲ್ಲ ಅಂತಲ್ಲ. ಮೆಜೆಸ್ಟಿಕ್‌ನಲ್ಲಿ ನಾನು ಮೊದಲ ಸಲ ಬಸ್ಸಿಳಿದ ಜಾಗ ಧರ್ಮಾಂಬುಧಿ ಕೆರೆ. ಕ್ರಿಕೆಟ್ ಬಿಟ್ಟು ಮಿಕ್ಕ ಆಟಗಳಿಗೆಲ್ಲ ಬೆಂಗಳೂರಿನಲ್ಲಿ ಕೆರೆಯೇ ಮೈದಾನ ಅಂತ ಗೆಳೆಯನೊಬ್ಬ ತಮಾಷೆ ಮಾಡುತ್ತಾನೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ, ಫುಟ್‌ಬಾಲ್ ಸ್ಟೇಡಿಯಂ ಶೂಲೆ ಕೆರೆ, ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ, ಗಾಲ್ಫ್ ಕೋರ್ಸ್ ಚಲ್ಲಘಟ್ಟ ಕೆರೆ. ಸಂಪಂಗಿ ಕೆರೆಯಲ್ಲಿ ಕರಗದ ಪೂಜೆಗೆ ಅಂತ ಒಂದು ಸಣ್ಣ ತುಂಡು ಉಳಿಸಿದ್ದಾರೆ. ದೇವರ ನೆಪ ಇಲ್ಲದಿದ್ದರೆ ಅದೂ ಪಾರ್ಕಿಂಗ್ ಆಗುತ್ತಿತ್ತು ಅಂತ ನನ್ನ ಅನುಮಾನ.

ನಮ್ಮ ಚಿತ್ರದುರ್ಗದ ಕೋಟೆ ನೋಡಿದವರಿಗೆ ಈ ಕೆರೆಗಳ ಲೆಕ್ಕ ಬೇಗ ಅರ್ಥವಾಗುತ್ತದೆ. ಅಲ್ಲಿ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಮೇಲಿನ ಹೊಂಡ ತುಂಬಿ, ಹೆಚ್ಚಾದದ್ದು ಕೆಳಗಿನದಕ್ಕೆ ಇಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಬೆಂಗಳೂರಿನ ಕೆರೆಗಳೂ ಹೀಗೇ ಒಂದರ ಕೋಡಿ ಇನ್ನೊಂದಕ್ಕೆ, ನಡುವೆ ರಾಜಕಾಲುವೆ. ನಮ್ಮಲ್ಲಿ ಕಡಿಮೆ ಮಳೆಗೆ ಅಷ್ಟು ಹೊಂಡ ತೋಡಿದರು. ಇಲ್ಲಿ ಅದರ ಎರಡರಷ್ಟು ಮಳೆ, ಆದರೆ ಹೊಂಡಗಳ ಮೇಲೆ ಸ್ಟೇಡಿಯಂ.

ಶೀಟ್ ರೂಮು ಬಿಡುವಾಗ ಓನರ್ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಶೀಟಿಗೆ ಯಾವ ಪೇಂಟು ಅಂತ ನಾನು ಕೇಳಲಿಲ್ಲ, ಅಜ್ಜಿಯ ಮುಖ ನೋಡಿ ಸುಮ್ನಾದೆ. ಕೆಲಸ ಔಟರ್ ರಿಂಗ್ ರೋಡಿಗೆ ಬದಲಾಗಿತ್ತು. ಪಣತ್ತೂರು ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದೆ. ಲಿಫ್ಟು, ಜಿಮ್ಮು, ಗೇಟಿನಲ್ಲಿ ಸೆಲ್ಯೂಟು. ನೀರು? "ಇಪ್ಪತ್ನಾಲ್ಕು ಗಂಟೆ ಸಾರ್."

ನಿಜವೇ. ನಲ್ಲಿ ತಿರುಗಿಸಿದಾಗಲೆಲ್ಲ ನೀರು ಬರುತ್ತಿತ್ತು. ನಮ್ಮೂರಿನವರು ಅಂದುಕೊಂಡಿದ್ದ ಬೆಂಗಳೂರು ಕೊನೆಗೂ ಸಿಕ್ಕಿತ್ತು. ಆ ಸುಖ ಎಂಥದ್ದು ಅಂದರೆ, ನೀರಿನ ಬಗ್ಗೆ ಯೋಚನೆಯೇ ಬರುವುದಿಲ್ಲ. ದೊಡ್ಡ ಊರು ದುಡ್ಡು ಇಸಿದುಕೊಂಡು ನಮಗೆ ಮಾರುವುದು ಮುಖ್ಯವಾಗಿ ಇದನ್ನೇ ಅಂತ ನನಗೀಗ ಅನಿಸುತ್ತದೆ. ನೀರು ಎಲ್ಲಿಂದ ಬಂತು, ಕಸ ಎಲ್ಲಿಗೆ ಹೋಯಿತು, ಲಿಫ್ಟಿಗೆ ಕರೆಂಟು ಯಾರ ಜಮೀನು ಮುಳುಗಿ ಬಂತು, ಯಾವುದನ್ನೂ ಕೇಳದೆ ಇರಬಹುದಾದ ಸುಖ. ಹನುಮಂತನಗರದಲ್ಲಿ ಗಲ್ಲಿಯ ಎಲ್ಲರ ಹೆಸರು ಗೊತ್ತಿತ್ತು, ಯಾಕಂದರೆ ಎಲ್ಲರೂ ನಾಲ್ಕು ಗಂಟೆಗೆ ಎದ್ದಿರುತ್ತಿದ್ದರು. ಇಲ್ಲಿ ಎದುರು ಮನೆಯವರ ಹೆಸರು ಗೊತ್ತಾದದ್ದು ಕೊರಿಯರ್ ಡಬ್ಬಿಯ ಮೇಲಿನ ಚೀಟಿ ನೋಡಿ.

ಆಮೇಲೆ ಬಂತು 2022ರ ಸೆಪ್ಟೆಂಬರ್. ಆ ವಾರ ನೆನಪಿರುವವರು ಬಹಳ ಜನ ಇರಬೇಕು. ಔಟರ್ ರಿಂಗ್ ರೋಡ್ ಹೊಳೆಯಾಯಿತು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. ಲ್ಯಾಪ್‌ಟಾಪ್ ಬ್ಯಾಗು ತಲೆ ಮೇಲಿಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ನಾನೂ ಹತ್ತಿದ್ದೆ. ನಮ್ಮೂರಲ್ಲಿ ಶೇಂಗಾ ಹೊರೆ ಮೇಲೆ ಕೂತು ಅಭ್ಯಾಸ ಇದ್ದದ್ದರಿಂದ ನನಗೆ ಹಿಡಿದುಕೊಳ್ಳಲು ಏನೂ ಬೇಕಾಗಲಿಲ್ಲ, ಪಕ್ಕದಲ್ಲಿದ್ದ ಹುಡುಗ ನನ್ನ ತೋಳು ಹಿಡಿದುಕೊಂಡಿದ್ದ.

ತಮಾಷೆ ಇರುವುದು ಇಲ್ಲಿ. ಅದೇ ಮಳೆಗೆ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್ ಒಳಗೂ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಊರ ತುಂಬ ನೀರು ನಿಂತಿರುವಾಗ ಕಾವೇರಿ ನೀರು ಬಂದ್. ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡಿಯುವ ನೀರಿಗೆ ಫೋನ್ ಮಾಡುತ್ತಿದ್ದ ಜನ. ಇನ್ನೂ ಒಂದು ಇದೆ. ಅದೇ ವಾರ, ಸೆಪ್ಟೆಂಬರ್ 2ಕ್ಕೆ, ಊರಿನಿಂದ ಅಮ್ಮನ ಫೋನು. "ಮಾರಿಕಣಿವೆ ಕೋಡಿ ಬಿತ್ತು ಕಣಪ್ಪಾ!" ಮಾರಿಕಣಿವೆ ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು, ಕಟ್ಟಿ ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ ಅಂತ ಹಿರಿಯರು ಹೇಳುವುದನ್ನು ಕೇಳಿದ್ದೆವೇ ಹೊರತು ಕಣ್ಣಲ್ಲಿ ಕಂಡವರು ಯಾರೂ ಉಳಿದಿರಲಿಲ್ಲ. 89 ವರ್ಷದ ಮೇಲೆ ಮತ್ತೆ ಬಿತ್ತು. ನಮ್ಮ ಕಡೆಯ ಜನ ಬಸ್ಸು, ಟೆಂಪೋ ಮಾಡಿಕೊಂಡು ನೋಡಲು ಹೋದರು, ಬಾಗಿನ ಬಿಟ್ಟರು, ಅತ್ತರು ಕೂಡ. ನೀರು ಜಾಸ್ತಿಯಾದದ್ದು ಎರಡೂ ಕಡೆ. ಅಲ್ಲಿ ಜಾತ್ರೆ, ಇಲ್ಲಿ ಇನ್ಶೂರೆನ್ಸ್ ಕ್ಲೇಮು.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅದೇ ರಸ್ತೆಗಳಲ್ಲಿ ನೀರಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತ್ತು. 2024ರ ಫೆಬ್ರವರಿ, ಮಾರ್ಚ್ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೆಮ್ಮತೊಡಗಿದವು. ಇಪ್ಪತ್ನಾಲ್ಕು ಗಂಟೆಯ ನೀರು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಗೆ ಇಳಿಯಿತು. ವಾಟ್ಸಾಪ್ ಗ್ರೂಪಿನಲ್ಲಿ ಯೋಗ ಕ್ಲಾಸಿನ ಫೋಟೋಗಳು ನಿಂತು ಟ್ಯಾಂಕರ್ ನಂಬರ್‌ಗಳು ಬರತೊಡಗಿದವು. ರಾತ್ರಿ ಎರಡಕ್ಕೆ ಗೇಟಿನ ಹತ್ತಿರ ಟ್ಯಾಂಕರ್ ರಿವರ್ಸ್ ಹಾಕುವ ಸದ್ದು ಕೇಳಿದರೆ ಬಾಲ್ಕನಿಗಳಲ್ಲಿ ಒಂದೊಂದೇ ದೀಪ. ಯಾವ ಬ್ಲಾಕಿಗೆ ಹಾಕುತ್ತಾರೆ ಅಂತ ನೋಡುವುದಕ್ಕೆ! ಹನುಮಂತನಗರದ ಅಜ್ಜಿ ನೆನಪಾದರು.

ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನೀರು ಕಡಿಮೆ ಸುರಿಯುವ ಹಾಗೆ ನಲ್ಲಿಯ ಬಾಯಿಗೆ ಏರೇಟರ್ ಅನ್ನುವ ಜಾಲರಿ ಹಾಕಿ ಅಂದಿತು. ಬಾಯಿಗೆ ಬಂದ ರೇಟು ಕೇಳುತ್ತಿದ್ದ ಟ್ಯಾಂಕರ್‌ಗಳಿಗೆ ಜಿಲ್ಲಾಡಳಿತ ದರ ಕಟ್ಟಿತು. 12,000 ಲೀಟರ್‌ಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, ಹತ್ತು ಕಿಲೋಮೀಟರ್ ಒಳಗಾದರೆ 1,200. ಆ ದರಕ್ಕೆ ಟ್ಯಾಂಕರ್ ಬಂತಾ ಅಂತ ಕೇಳಬೇಡಿ.

"ಏನಪ್ಪಾ, ಬೆಂಗ್ಳೂರಾಗೆ ನೀರಿಲ್ವಂತೆ? ಟೀವ್ಯಾಗೆ ತೋರಿಸ್ತಾವ್ರೆ. ಎರಡು ಕೊಡ ಕಳಿಸ್ಲಾ?" ಅಂತ ಅಮ್ಮ ನಕ್ಕರು. ಬಯಲುಸೀಮೆಯವರಿಗೆ ಇಂಥ ನಗು ನಗುವ ಅವಕಾಶ ಜಾಸ್ತಿ ಸಿಗುವುದಿಲ್ಲ, ನಗಲಿ ಅಂತ ಬಿಟ್ಟೆ.

ಆ ಎರಡು ತಿಂಗಳು ಅಪಾರ್ಟ್‌ಮೆಂಟಿನಲ್ಲಿ ನನಗೊಂದು ಬೆಲೆ ಬಂತು. ಎದುರು ಮನೆಯ ದಂಪತಿ, ಕಾನ್ಪುರ ಕಡೆಯವರು, ಶವರ್ ಬಿಟ್ಟು ಬೇರೆ ರೀತಿಯ ಸ್ನಾನ ಮರೆತೇ ಹೋದವರು. ಅರ್ಧ ಬಕೆಟ್‌ನಲ್ಲಿ ಸ್ನಾನ ಹೇಗೆ ಅಂತ ಆತ ಸಂಕೋಚದಿಂದ ಕೇಳಿದ. ನಾನು ಕಾರಿಡಾರಿನಲ್ಲೇ ನಿಂತು ಖಾಲಿ ಚೊಂಬು ಹಿಡಿದು ಅಭಿನಯಿಸಿ ತೋರಿಸಿದೆ. ಮೊದಲ ಚೊಂಬು ತಲೆ ಮೇಲಲ್ಲ, ಹೆಗಲ ಮೇಲೆ, ನಿಧಾನಕ್ಕೆ. ಆಮೇಲೆ ಸೋಪು. ಸೋಪು ಹಚ್ಚುವಾಗ ನೀರು ಮುಟ್ಟಬೇಡಿ. ಕೊನೆಗೆ ಎರಡು ಚೊಂಬು ಮಾತ್ರ ತಲೆಯಿಂದ, ಅದೂ ಬೇಸಿನ್‌ನೊಳಗೆ ನಿಂತು, ಆ ನೀರು ಟಾಯ್ಲೆಟ್ಟಿಗೆ ಆಗುತ್ತದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮಾರನೇ ದಿನ ಇಬ್ಬರೂ ಮಾರತಹಳ್ಳಿಗೆ ಹೋಗಿ ಸ್ಟೀಲ್ ಚೊಂಬು ತಂದರು. ಈಗಲೂ ನನಗೆ ದೀಪಾವಳಿಗೆ ಅವರಿಂದ ಮೆಸೇಜ್ ಬರುತ್ತದೆ. ಮಹಾನಗರದಲ್ಲಿ ಮನುಷ್ಯ ಸಂಬಂಧ ಇಲ್ಲ ಅಂತ ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಬೇಜಾರು. ಸಂಬಂಧ ಇದೆ. ನಲ್ಲಿಯಲ್ಲಿ ನೀರು ಬರುವ ತನಕ ಅದರ ಅಗತ್ಯ ಬೀಳುವುದಿಲ್ಲ ಅಷ್ಟೇ.

ಆದರೆ ಅಪಾರ್ಟ್‌ಮೆಂಟಿನ ಕಷ್ಟ ಅಷ್ಟು ದೊಡ್ಡದಲ್ಲ. ನಮ್ಮ ಫ್ಲೋರಿನ ಮೂರು ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು, ಯಾದಗಿರಿ ಕಡೆಯವಳು, ಹಿಂದಿನ ಓಣಿಯಲ್ಲಿ ತಗಡಿನ ಮನೆ. ಅವಳು ಬೆಳಿಗ್ಗೆ ಕೆಲಸಕ್ಕೆ ಬರುವ ಮೊದಲು ಶುದ್ಧ ಕುಡಿಯುವ ನೀರಿನ ಘಟಕದ ಕ್ಯೂನಲ್ಲಿ ಕ್ಯಾನಿಟ್ಟು ನಿಂತು ಬರುತ್ತಿದ್ದಳು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಒಂದು ದಿನ ಅವಳ ಜೊತೆ ಮಾತಾಡುತ್ತಾ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹನುಮಂತನಗರದಲ್ಲಿ ಕಾವೇರಿ ನೀರಿಗೆ ಮೊದಲ 8,000 ಲೀಟರ್ ತನಕ ಸಾವಿರ ಲೀಟರ್‌ಗೆ 7 ರೂಪಾಯಿ ದರ ಇತ್ತು (2025ರ ಏಪ್ರಿಲ್‌ನಲ್ಲಿ ಅದು ಏರಿತು). ಸರ್ಕಾರ ಕಟ್ಟಿದ ಟ್ಯಾಂಕರ್ ದರದಲ್ಲಿ ಲೆಕ್ಕ ಹಾಕಿದರೂ ಅಪಾರ್ಟ್‌ಮೆಂಟಿನ ನಾವು ಸಾವಿರ ಲೀಟರ್‌ಗೆ ಕೊಡುತ್ತಿದ್ದದ್ದು 83 ರೂಪಾಯಿ. ಅವಳು ಕ್ಯಾನಿನಲ್ಲಿ ಹೊತ್ತು ತರುತ್ತಿದ್ದ ನೀರು ಸಾವಿರ ಲೀಟರ್‌ಗೆ 250 ಬೀಳುತ್ತದೆ. ಕುಡಿಯುವ ನೀರು, ಬಳಕೆ ನೀರು ಬೇರೆ ಬೇರೆ ಅಂತ ನೀವು ವಾದ ಮಾಡಬಹುದು. ಕಾವೇರಿ ನೀರಿನವರು ಅದೇ 7 ರೂಪಾಯಿಯ ನೀರನ್ನು ಕುಡಿಯುತ್ತಲೂ ಇದ್ದರು, ಗಿಡಕ್ಕೂ ಹಾಕುತ್ತಿದ್ದರು. ಒಂದೇ ಊರು. ಯಾರ ಹತ್ತಿರ ಜಾಸ್ತಿ ಇದೆಯೋ ಅವರಿಗೆ ನೀರು ಅಗ್ಗ. ಇದನ್ನು ಹೇಳುವುದಕ್ಕೆ ಇಷ್ಟೆಲ್ಲ ಬರೆದೆ ಅಂದರೂ ತಪ್ಪಿಲ್ಲ.

"ನಿಮ್ಮೂರಲ್ಲಿ ನೀರಿಗೆ ಹೇಗೆ?" ಅಂತ ಅವಳನ್ನು ಕೇಳಿದೆ. "ಅಲ್ಲಿ ಇಲ್ಲ ಅಂದ್ರ ಎಲ್ಲಾರಿಗೂ ಇಲ್ರಿ" ಅಂದಳು.

ಕಳೆದ ವರ್ಷ ಮತ್ತೆ ಮನೆ ಬದಲಾಯಿಸಿದೆ. ಈಗ ಇರುವುದು ಊರಿನ ಉತ್ತರಕ್ಕೆ, ಜಕ್ಕೂರು ಕೆರೆಗೆ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಯುತ್ತೇನೆ. ಕೊಳಚೆ ನೀರನ್ನು ಸಂಸ್ಕರಿಸಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುತ್ತಾರೆ. ಪೆಲಿಕನ್‌ಗಳು ಬರುತ್ತವೆ, ಮೀನು ಹಿಡಿಯುತ್ತಾರೆ. ಬೇಸಿಗೆಯಲ್ಲೂ ಕೆರೆ ತುಂಬಿರುತ್ತದೆ. ಬೆಂಗಳೂರಿನ ಇಂಥದ್ದೇ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಅದರ ಗುಣಮಟ್ಟದ ಬಗ್ಗೆ ಜಗಳ ಇದೆ, ಇರಬೇಕು ಕೂಡ. ಆದರೂ ಒಬ್ಬರ ಬಚ್ಚಲಿನ ನೀರಿಗೆ ಇನ್ನೊಂದು ಜಿಲ್ಲೆ ಕಾಯುತ್ತದೆ ಅನ್ನುವುದನ್ನು ನೆನೆಸಿಕೊಂಡರೆ ನಲ್ಲಿ ಸುಮ್ನೆ ಬಿಡುವುದಕ್ಕೆ ಕೈ ಬರುವುದಿಲ್ಲ.

ಈಗಿನ ಮನೆ ತಗ್ಗಿನ ಬೀದಿಯಲ್ಲಿದೆ. ಜೋರು ಮಳೆ ಬಂದರೆ ಪಾರ್ಕಿಂಗಿನಲ್ಲಿ ಪಾದ ಮುಳುಗುವಷ್ಟು ನೀರು. ಇಂಗುಬಾವಿ ತೋಡಿಸೋಣ ಅಂತ ನಾನು ಓನರ್‌ಗೆ ಹೇಳುತ್ತಲೇ ಬಂದಿದ್ದೆ. ಅಂತರ್ಜಲ, ಪರಿಸರ ಅಂದಾಗ ಅವರು ಆಕಳಿಸಿದರು. ಮಳೆನೀರು ಕೊಯ್ಲು 2009ರಿಂದಲೇ ಕಾನೂನು ಅಂದಾಗ "ಅದೆಲ್ಲ ದೊಡ್ಡ ಸೈಟಿನೋರಿಗೆ" ಅಂದರು. ಹೋದ ಮಳೆಗಾಲದಲ್ಲಿ ಅವರ ಹೊಸ ಕಾರಿನ ಒಳಗೆ ನೀರು ಹೋಯಿತು. ಮಾರನೇ ವಾರವೇ ಬಾವಿ ತೋಡುವವರು ಬಂದರು.

ಮಣ್ಣು ವಡ್ಡರ ಕುಟುಂಬದ ಮೂವರು, ತಲೆತಲಾಂತರದಿಂದ ಬಾವಿ ತೋಡುವವರು. ದೊಡ್ಡ ಯಂತ್ರ ಏನೂ ಇಲ್ಲ. ಗಿಡ್ಡ ಹಿಡಿಯ ಗುದ್ದಲಿ, ಹಗ್ಗ, ರಾಟೆ, ಬುಟ್ಟಿ. ಮೂರಡಿ ಅಗಲದ ಗುಂಡಿಯೊಳಗೆ ಒಬ್ಬ ಕುಕ್ಕರಗಾಲಿನಲ್ಲಿ ಕೂತು ತನ್ನ ಸುತ್ತ ತಾನೇ ತಿರುಗುತ್ತಾ ಅಗೆಯುತ್ತಾನೆ, ಗುಂಡಿ ಅವನ ಜೊತೆಗೇ ಇಳಿಯುತ್ತದೆ. ಗುದ್ದಲಿಯ ಸದ್ದು ಬದಲಾದರೆ ಮೇಲಿದ್ದ ಹಿರಿಯ ಬಗ್ಗಿ ಒಂದು ಮಾತು ಕೇಳುತ್ತಿದ್ದ, ಒಳಗಿನವನು ಮಣ್ಣು ಹಿಸುಕಿ ನೋಡಿ ಉತ್ತರ ಕೊಡುತ್ತಿದ್ದ. ಮೊದಲು ಕಟ್ಟಡದ ಹಾಳು, ಇಟ್ಟಿಗೆ ಚೂರು, ಒಂದು ಹಳೆಯ ಬಾಟಾ ಚಪ್ಪಲಿ. ಆಮೇಲೆ ಕೆಂಪು ಮಣ್ಣು ಬರಬೇಕಿತ್ತು. ಬಂದದ್ದು ಕಪ್ಪು. ನುಣ್ಣಗೆ, ಜಿಗುಟು, ನಡುವೆ ಸಣ್ಣ ಸಣ್ಣ ಬಸವನಹುಳುವಿನ ಚಿಪ್ಪು. ಹಿರಿಯ ಅದನ್ನು ಬೆರಳಿನಲ್ಲಿ ಉಜ್ಜಿ, "ಕೆರೆ ಗೋಡು ಸಾರ್ ಇದು" ಅಂದ. ಓನರ್ ಮುಖ ಸಣ್ಣದಾಯಿತು. ಇಪ್ಪತ್ತು ವರ್ಷದ ಹಿಂದೆ ಸೈಟು ಮಾರಿದವರು ರಾಗಿ ಹೊಲ ಅಂತ ಹೇಳಿದ್ದರಂತೆ. ಅವರು ಕೂಡಲೇ ನನ್ನ ಕಡೆ ತಿರುಗಿ, ಇದನ್ನೆಲ್ಲ ಎಲ್ಲೂ ಬರೀಬೇಡಿ, ಪೇಪರ್ಸ್ ಎಲ್ಲ ಸರಿಯಾಗಿದೆ ಅಂದರು. ಬೀದಿ ಹೆಸರು ಬರೆಯುವುದಿಲ್ಲ ಅಂತ ಮಾತು ಕೊಟ್ಟೆ, ಬರೆದೂ ಇಲ್ಲ.

ಇಪ್ಪತ್ತಡಿ ಇಳಿದು ಸಿಮೆಂಟ್ ರಿಂಗು ಕೂರಿಸಿ ಅವರು ಹೊರಟರು. ಗೇಟಿನ ಹೊರಗೆ ಕಪ್ಪು ಮಣ್ಣಿನ ಗುಡ್ಡೆ. ಟ್ರ್ಯಾಕ್ಟರ್‌ನವನು ಸಾಗಿಸುವುದಕ್ಕೆ ಎರಡು ಸಾವಿರ ಕೇಳಿದ, ಓನರ್ ಸಾವಿರಕ್ಕೆ ಜಗ್ಗಿದರು, ಮಾತುಕತೆ ಮುರಿಯಿತು. ಅಷ್ಟರಲ್ಲಿ ಮೇಲಿನ ಮನೆಯ ಆಂಟಿ ಒಂದು ಅಕ್ಕಿ ಚೀಲ ಹಿಡಿದು ಇಳಿದರು, ಗುಲಾಬಿಗೆ ಅಂತ. ಅವರನ್ನು ನೋಡಿ ಪಕ್ಕದ ಬಿಲ್ಡಿಂಗಿನವರು ಬಂದರು. ಇಸ್ತ್ರಿ ಅಂಗಡಿಯವನು ಎರಡು ಬಕೆಟ್ ಒಯ್ದ. ನಾನು ಹಳೆಯ ಪೇಂಟ್ ಡಬ್ಬಿಯಲ್ಲಿ ತುಂಬಿಸಿ ಬದನೆ ಹಾಕಿದ್ದೇನೆ. ಶನಿವಾರದ ಹೊತ್ತಿಗೆ ಗುಡ್ಡೆ ಅರ್ಧ ಕರಗಿತ್ತು, ಓನರ್ ಬಾಗಿಲಲ್ಲಿ ನಿಂತು ಇದಕ್ಕೆ ಚೀಲಕ್ಕಿಷ್ಟು ಅಂತ ಇಡಬಹುದಿತ್ತಲ್ವಾ ಅಂತ ನನ್ನನ್ನು ಕೇಳುತ್ತಿದ್ದರು.